ಕ್ಷ-ಕಿರಣ ಪ್ರಚೋದಿತ ದೀಪ್ತಿ

ಕ್ಷ-ಕಿರಣ ತಾಗಿದಾಗ ಹಲವು ಅರೆವಾಹಕಗಳು ಕಣ್ಣಿಗೆ ಕಾಣುವ ಬೆಳಕನ್ನೋ ಅದರ ಆಸುಪಾಸಿನ ನೇರಳಾತೀತ ಬೆಳಕನ್ನೋ ಹೊಮ್ಮಿಸುತ್ತವೆ. ಇದೇ ಕ್ಷ-ಕಿರಣ ಪ್ರಚೋದಿತ ದೀಪ್ತಿ. ಇಲೆಕ್ಟ್ರಾನುಗಳನ್ನು ಸುತ್ತಿಸಿ ಕಿರಣ ಹೊಮ್ಮಿಸುವ ಸಿಂಕ್ರೊಟ್ರಾನ್ ಯಂತ್ರದಲ್ಲಿ ಕ್ಷ-ಕಿರಣದ ಶಕ್ತಿಯನ್ನು ಬೇಕಾದ ಮಟ್ಟಕ್ಕೆ ನಿಖರವಾಗಿ ಹೊಂದಿಸಿಕೊಳ್ಳಬಹುದು. ಹಾಗಾಗಿ ವಸ್ತುವಿನೊಳಗಿನ ಒಂದೊಂದೇ ಧಾತುವನ್ನು ಕೆಣಕಿ, ಹೊಮ್ಮುವ ಬೆಳಕಿನಲ್ಲಿ ಅದರ ಪಾಲೇನೆಂದು ನೋಡಲು ಸಾಧ್ಯ.

ಸತುವಿನ ಆಕ್ಸೈಡ್ ಇದಕ್ಕೆ ಒಳ್ಳೆಯ ಉದಾಹರಣೆ. ಕಿರಣದ ಶಕ್ತಿ 9,659 ಇಲೆಕ್ಟ್ರಾನ್ ವೋಲ್ಟ್ ದಾಟಿದೊಡನೆ ಸತುವಿನ ಪರಮಾಣುವಿನ ತೀರ ಒಳಗಿನ ಕವಚದಿಂದ ಇಲೆಕ್ಟ್ರಾನೊಂದು ಸಿಡಿದು ಹೊರಬರುತ್ತದೆ. ತೆರವಾದ ಜಾಗ ತುಂಬುವಾಗ ಮತ್ತಷ್ಟು ಇಲೆಕ್ಟ್ರಾನುಗಳು ಹೊರಬೀಳುತ್ತವೆ. ಅವು ಸುತ್ತಲಿನ ಹರಳಿಗೆ ಬಡಿದು ನೂರಾರು ಇಲೆಕ್ಟ್ರಾನ್-ರಂಧ್ರ ಜೋಡಿಗಳನ್ನು ಎಬ್ಬಿಸುತ್ತವೆ. ಈ ಜೋಡಿಗಳು ಮತ್ತೆ ಕೂಡಿದಾಗ ಬೆಳಕು ಬರುತ್ತದೆ. ಹರಳಿನದೇ ಆದ ದೀಪ್ತಿ 380 ನ್ಯಾನೊಮೀಟರ್ ಸುಮಾರಿಗೆ ನೇರಳಾತೀತದಲ್ಲಿದ್ದರೆ, ಹರಳಿನ ದೋಷಗಳಿಂದ ಹುಟ್ಟುವುದು ಅಗಲವಾದ ಹಸಿರು ಪಟ್ಟಿ.

ಇಲ್ಲೊಂದು ಎಚ್ಚರ ಅಗತ್ಯ. ಕಿರಣವನ್ನು ಹೀರಿದ ಪರಮಾಣುವೇ ಬೆಳಕು ಕೊಟ್ಟಿತೆಂದು ತಿಳಿಯುವುದು ಸಾಮಾನ್ಯ ತಪ್ಪು. ಸಿಡಿದ ಇಲೆಕ್ಟ್ರಾನುಗಳು ದೂರ ಸಾಗಿ ಬೇರೆಡೆಯ ದೋಷವನ್ನೂ ಬೆಳಗಿಸಬಲ್ಲವು. ಮಾದರಿ ದಪ್ಪವಾಗಿದ್ದು ಕಿರಣ ಪೂರ್ತಿ ಹೀರಲ್ಪಟ್ಟರೆ, ಶಕ್ತಿ 9,659 ಇಲೆಕ್ಟ್ರಾನ್ ವೋಲ್ಟ್‌ನ ಮಿತಿಯನ್ನು ದಾಟುವಾಗ ಬೆಳಕು ಏರುವ ಬದಲು ಇಳಿಯುವುದೂ ಉಂಟು. ಆದ್ದರಿಂದ ಹೀರಿಕೆಯ ಅಳತೆಯನ್ನು ಪಕ್ಕದಲ್ಲಿಟ್ಟುಕೊಳ್ಳದೆ ದೀಪ್ತಿಯ ರೇಖೆಯೊಂದನ್ನೇ ಓದಬಾರದು.

ಕಾಲದ ಅಳತೆ ಇನ್ನೊಂದು ಅನುಕೂಲ. ಸಿಂಕ್ರೊಟ್ರಾನ್ ಬೆಳಕು ಸತತ ಧಾರೆಯಲ್ಲ, ಮಿಡಿತಗಳ ಸಾಲು. ಸತುವಿನ ಆಕ್ಸೈಡಿನ ನೇರಳಾತೀತ ದೀಪ್ತಿ ಮಿಡಿತದ ಬೆನ್ನಿಗೇ ಆರುತ್ತದೆ. ಹಸಿರು ಬಹಳ ಹೊತ್ತು ಉಳಿಯುತ್ತದೆ. ಅಳೆಯುವ ಕಾಲವನ್ನು ಮುಂದೆ ಹಿಂದೆ ಸರಿಸಿ ಎರಡನ್ನೂ ಬೇರ್ಪಡಿಸುತ್ತಾರೆ.

ಹೀಗೆ ಅಳೆಯಬೇಕಾದ ವಸ್ತುಗಳನ್ನು ಪುಡಿಯಾಗಿ ತಯಾರಿಸುವುದರಲ್ಲಿ ಕರ್ನಾಟಕದ ಕೊಡುಗೆ ದೊಡ್ಡದು. 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಸಿ. ಪಾಟೀಲ ಮತ್ತು ಜೆ. ಜೆ. ಕಿಂಗ್ಸ್‌ಲಿ ದ್ರಾವಣ ದಹನ ವಿಧಾನವನ್ನು ಪ್ರಕಟಿಸಿದರು. ಅಲ್ಯುಮಿನಿಯಂ ನೈಟ್ರೇಟ್ ಮತ್ತು ಯೂರಿಯಾ ಕರಗಿಸಿದ ಬಟ್ಟಲನ್ನು 500 ಡಿಗ್ರಿ ಸೆಲ್ಸಿಯಸ್ಸಿನ ಕುಲುಮೆಯೊಳಗಿಟ್ಟರೆ ದ್ರಾವಣ ಕುದಿದು, ನೊರೆಯುಬ್ಬಿ, ತಾನೇ ಹೊತ್ತಿಕೊಂಡು, ಐದು ನಿಮಿಷದೊಳಗೆ ಹಗುರಾದ ಬಿಳಿ ಪುಡಿಯಾಗುತ್ತದೆ. ಪಾಟೀಲರ ಬಳಗ ಮುಂದೆ ಇದೇ ದಾರಿಯಲ್ಲಿ ಯುರೋಪಿಯಂ ಬೆರೆಸಿದ ದೀಪ್ತಿವಸ್ತುಗಳನ್ನೂ ತಯಾರಿಸಿತು. ಸಾಧಾರಣ ಕುಲುಮೆಯಿದ್ದರೆ ಸಾಕಾದ್ದರಿಂದ ಕಾಲೇಜಿನ ಪ್ರಯೋಗಾಲಯಕ್ಕೂ ಈ ವಿಧಾನ ಎಟುಕುತ್ತದೆ.

ಸಿಂಕ್ರೊಟ್ರಾನ್ ಹಾಗೆ ಎಟುಕುವುದಲ್ಲ. ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ಭೌತವಿಜ್ಞಾನಿ ರಾಜಾ ರಾಮಣ್ಣ ಅವರ ಹೆಸರಿನ ಇಂದೋರ್ ಕೇಂದ್ರದಲ್ಲಿರುವ ಇಂಡಸ್-2 ಯಂತ್ರದ ಸುತ್ತಳತೆ ಸುಮಾರು 172 ಮೀಟರ್. ಅದರಲ್ಲಿ 250 ಕೋಟಿ ಇಲೆಕ್ಟ್ರಾನ್ ವೋಲ್ಟ್ ಶಕ್ತಿಯ ಇಲೆಕ್ಟ್ರಾನುಗಳು ಸುತ್ತುತ್ತವೆ. ಇದು ರಾಷ್ಟ್ರೀಯ ಸೌಲಭ್ಯ. ದಾವಣಗೆರೆಯ ಶಿವಗಂಗೋತ್ರಿಯಲ್ಲಿ 2009ರಿಂದ ನಡೆಯುತ್ತಿರುವ ವಿಶ್ವವಿದ್ಯಾಲಯದಂಥ ಕಡೆಯ ಸಂಶೋಧಕರೂ ಪ್ರಸ್ತಾವ ಸಲ್ಲಿಸಿ ಅಲ್ಲಿ ಕಿರಣದ ಅವಧಿ ಕೇಳಬಹುದು. ಹೀರಿಕೆ ಅಳೆಯುವ ಅಲ್ಲಿನ 9ನೆಯ ಕಿರಣಮಾರ್ಗ 4,000ದಿಂದ 25,000 ಇಲೆಕ್ಟ್ರಾನ್ ವೋಲ್ಟ್‌ವರೆಗಿನ ಶಕ್ತಿ ಕೊಡುವುದರಿಂದ ಸತು, ಗ್ಯಾಲಿಯಂ, ಯುರೋಪಿಯಂ ಮೂರೂ ಅದರ ವ್ಯಾಪ್ತಿಗೆ ಬರುತ್ತವೆ. ದೀಪ್ತಿಯನ್ನೂ ಅಳೆಯಬೇಕಾದರೆ ಮಾದರಿಯ ಬಳಿ ಬೆಳಕು ಹಿಡಿಯುವ ಮಸೂರ, ಆಪ್ಟಿಕಲ್ ಫೈಬರ್ ಮತ್ತು ಸ್ಪೆಕ್ಟ್ರೋಮೀಟರ್ ಬೇಕು.