ಅಜ್ಜಿಯ ಗುಳಿಗೆ ಪೊಟ್ಟಣದ ಹಿಸ್ಟರಿ

ಇವತ್ತಿನ ಹಿಸ್ಟರಿ ಶುರುವಾಗೋದು ನಮ್ಮ ಅಜ್ಜಿಯ ಮೊಣಕಾಲಿನಿಂದ.

ಹೋದ ವರ್ಷ ಉಳ್ಳಾಗಡ್ಡಿ ಕೀಳೋ ಹೊತ್ತಿಗೆ ಅಜ್ಜಿಗೆ ಕೂತರೆ ಏಳೋಕಾಗ್ತಿರಲಿಲ್ಲ. ಯಾರೋ ಹೇಳಿದ್ರು ಅಂತ ಒಬ್ಬರ ಹತ್ರ ಹೋಗಿ ಸೂಜಿ ಮಾಡಿಸ್ಕೊಂಡು, ಪೇಪರಿನಲ್ಲಿ ಕಟ್ಟಿದ ಹೆಸರಿಲ್ಲದ ಗುಳಿಗೆ ತಂದ್ಲು. ಮೂರನೇ ದಿನ ಅಜ್ಜಿ ಹೊಲದಲ್ಲಿ! ಮುಗಿದಾಗೆಲ್ಲ ಮತ್ತೆ ಅದೇ ಪೊಟ್ಟಣ. ಎರಡು ತಿಂಗಳಲ್ಲಿ ಮುಖ ದುಂಡಗಾಯ್ತು, ಮೈ ಹಿಡಿದಿದಾಳೆ ಅಂತ ನಾವು ಖುಷಿಪಟ್ವಿ. ಆಮೇಲೆ ವಿಪರೀತ ಬಾಯಾರಿಕೆ. ಚೆಕ್ ಮಾಡಿಸಿದ್ರೆ ಶುಗರ್ 380. ಶುಗರ್ ಮಾತ್ರೆ ಒಂದು ದಿನವೂ ತಪ್ಪಿಸಿರಲಿಲ್ಲ.

ನೋವಿನ ಗುಳಿಗೆಗೂ ಶುಗರಿಗೂ ಏನು ಸಂಬಂಧ? ನಾನು ಬಿ.ಕಾಂ. ಓದಿದವನು, ಹುಡುಕೋಕೆ ಕೂತೆ. ಮೊದಲು ಸಿಕ್ಕಿದ್ದು ಉಲ್ಟಾ ಕಥೆ.

1876ರಲ್ಲಿ ಜರ್ಮನಿಯ ಎಬ್‌ಸ್ಟೈನ್ ಅನ್ನೋ ವೈದ್ಯರು, ಸೋಡಿಯಂ ಸ್ಯಾಲಿಸಿಲೇಟ್ ಕೊಟ್ಟರೆ ಮೂತ್ರದಲ್ಲಿ ಸಕ್ಕರೆ ಕಡಿಮೆಯಾಗುತ್ತೆ ಅಂತ ಬರೆದರು. ಆಸ್ಪಿರಿನ್ ಇದೇ ಕುಟುಂಬದ್ದು. 1901ರಲ್ಲಿ ಮ್ಯಾಂಚೆಸ್ಟರ್‌ನ ವಿಲಿಯಮ್ಸನ್ ಕೂಡ ಅದನ್ನೇ ಹೇಳಿದರು. ಆಗಿನ್ನೂ ಇನ್ಸುಲಿನ್ ಇರಲಿಲ್ಲ ಅನ್ನೋದು ನೆನಪಿರಲಿ. 1957ರಲ್ಲಿ ಬಂದ ಇನ್ನೊಂದು ವರದಿ ಇನ್ನೂ ವಿಚಿತ್ರ: ಕೀಲು ನೋವಿಗೆ ಭಾರಿ ಡೋಸ್ ಆಸ್ಪಿರಿನ್ ತಗೊಂಡ ಸಕ್ಕರೆ ರೋಗಿಗೆ ಇನ್ಸುಲಿನ್ನೇ ಬೇಕಾಗಲಿಲ್ಲ. ಹಾಗಂತ ಯಾರೂ ಟ್ರೈ ಮಾಡಬೇಡಿ. ಅದು ದಿನಕ್ಕೆ ಹಲವು ಗ್ರಾಂ ಲೆಕ್ಕ. ಕಿವಿ ಗುಂಯ್ ಅನ್ನುತ್ತೆ, ಹೊಟ್ಟೆಯಲ್ಲಿ ರಕ್ತ ಬರುತ್ತೆ. ಹಾರ್ಟಿಗೆ ಕೊಡೋ 75 ಮಿಲಿಗ್ರಾಂ ಮಾತ್ರೆಯಿಂದ ಈ ಕೆಲಸ ಆಗಲ್ಲ.

ಹಾಗಾದ್ರೆ ಅಜ್ಜಿಯ ಶುಗರ್ ಏರಿದ್ದು ಯಾಕೆ? ಇಲ್ಲಿ ಕಥೆಗೆ ಇನ್ನೊಂದು ಔಷಧ ಬರುತ್ತೆ. ಸೆಪ್ಟೆಂಬರ್ 1948, ಅಮೆರಿಕದ ಮೇಯೋ ಕ್ಲಿನಿಕ್. ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ 29ರ ಹೆಣ್ಣುಮಗಳಿಗೆ ಫಿಲಿಪ್ ಹೆಂಚ್ ಅವರ ತಂಡ ಕಾರ್ಟಿಸೋನ್ ಸೂಜಿ ಕೊಟ್ಟಿತು. ಕೆಲವೇ ದಿನಕ್ಕೆ ಆಕೆ ಎದ್ದು ಶಾಪಿಂಗ್‌ಗೆ ಹೋದಳು. ಓದಿದ ಕೂಡಲೇ ನಂಗೆ ಹೊಲದಲ್ಲಿ ನಿಂತ ಅಜ್ಜಿ ಕಂಡ್ಲು. 1950ರಲ್ಲಿ ಹೆಂಚ್ ಮತ್ತಿಬ್ಬರಿಗೆ ನೊಬೆಲ್ ಬಂತು. ಆದರೆ ಸ್ಟೀರಾಯ್ಡ್ ಲಿವರ್‌ಗೆ ಸಕ್ಕರೆ ಜಾಸ್ತಿ ಬಿಡೋಕೆ ಹೇಳುತ್ತೆ, ಇನ್ಸುಲಿನ್ ಮಾತನ್ನ ದೇಹ ಕೇಳದ ಹಾಗೆ ಮಾಡುತ್ತೆ. ಊಟದ ಮೇಲಿನ ಶುಗರ್ ಅಂತೂ ಹಾರುತ್ತೆ. 2021ರ ಮೇನಲ್ಲಿ ಕರ್ನಾಟಕದಲ್ಲಿ ಕಪ್ಪು ಶಿಲೀಂಧ್ರ ಹಬ್ಬಿದಾಗ ಕೋವಿಡ್, ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಈ ಮೂರೂ ಒಟ್ಟಿಗೆ ಕೇಳಿಬಂದಿದ್ದು ಸುಮ್ಮನೆ ಅಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ತೋರಿಸಿದಾಗ ಡಾಕ್ಟರ್ ಅಜ್ಜಿಯ ಮುಖ ನೋಡೇ ಕೇಳಿದ್ರು, "ಸ್ಟೀರಾಯ್ಡ್ ಏನಾದ್ರೂ ತಗೊಳ್ತಿದೀರಾ?" ನಾನು ಪೊಟ್ಟಣ ಕಸಕ್ಕೆ ಎಸೀತೀನಿ ಅಂದೆ. ಅವರು ತಡೆದ್ರು: ತಿಂಗಳುಗಟ್ಟಲೆ ತಗೊಂಡಿದ್ದನ್ನ ಒಮ್ಮೆಲೇ ನಿಲ್ಲಿಸಿದ್ರೆ ಪ್ರಾಣಕ್ಕೇ ಅಪಾಯ, ಹಂತಹಂತವಾಗಿ ಇಳಿಸಬೇಕು. ಕಿಡ್ನಿ ಟೆಸ್ಟನ್ನೂ ಬರೆದುಕೊಟ್ರು, ಯಾಕಂದ್ರೆ ಡೈಕ್ಲೋಫೆನಾಕ್ ತರದ ಮಾತ್ರೆಗಳ ಪೆಟ್ಟು ಬೀಳೋದು ಅಲ್ಲಿ.

ಈಗ ಶುಗರ್ 180ರ ಆಸುಪಾಸು ಇದೆ. ಮೊಣಕಾಲು ನೋವು ವಾಪಸ್ ಬಂದಿದೆ. ನಿನ್ನೆ ಕಟ್ಟೆ ಮೇಲೆ ಕೂತು ಕಾಲು ನೀವ್ಕೊಳ್ತಾ ಅಜ್ಜಿ ಅಂದ್ಲು: "ನಿಮ್ ಡಾಕ್ಟರ್ ಚಲೋ ಮನ್ಷ ಇರಬೋದಪ್ಪ. ಆದ್ರ ಆ ಪೊಟ್ಟಣ ತಿಂದಾಗ ನಾ ನಡೀತಿದ್ದೆ."