ಕರಿದುಂಬಿಯ ನುಸಿಕೋಣೆ

ನಂಜನಗೂಡು, ತಿರುಮಕೂಡಲು ನರಸೀಪುರ ಪ್ರಾಂತದ ಕಪಿಲಾತೀರದಲ್ಲಿ ಒಣಮರ ಬಿದಿರುಗಳನ್ನು ಕೊರೆದು ಗೂಡುಮಾಡುವ ಕರಿದುಂಬಿಯನ್ನು ಕಾಣದವರು ವಿರಳ. ಭ್ರಮರದ ಝೇಂಕಾರವನ್ನು ಬಗೆಬಗೆಯಾಗಿ ವರ್ಣಿಸಿದ ಕವಿಗಳಿಗೆ ಅದರ ಮೈಮೇಲಣ ನುಸಿಯು ವರ್ಣ್ಯವಸ್ತುವಾಗಲಿಲ್ಲ; ಬರಿಗಣ್ಣಿಗೆ ಅದು ಪರಾಗದ ಚುಕ್ಕೆಯಂತೆ ತೋರುವುದರಿಂದ ಅವರನ್ನು ಆಕ್ಷೇಪಿಸುವಂತಿಲ್ಲ. ಈ ವರ್ಗದ ಕೆಲವು ದುಂಬಿಗಳಲ್ಲಿ ಹೆಣ್ಣಿನ ಉದರದ ಮೊದಲ ಖಂಡದೊಳಗೆ ನುಸಿಗಳಿಗೆಂದೇ ಒಂದು ಕೋಣೆಯಿರುವುದನ್ನು ಪರ್ಕಿನ್ಸ್ ಎಂಬ ಆಂಗ್ಲ ಕೀಟಶಾಸ್ತ್ರಜ್ಞನು 1899ರಲ್ಲಿ ಪ್ರಕಟಿಸಿದನು. ಗಂಡಿಗೆ ಈ ಕೋಣೆಯಿಲ್ಲ. ಗೂಡು ಕೊರೆಯುವುದು ಹೆಣ್ಣಾದುದರಿಂದ ಹೊಸ ಗೂಡನ್ನು ಸೇರಬೇಕಾದ ನುಸಿಗೆ ಅದೇ ವಾಹನ. ಇಂಥ ನುಸಿಯನ್ನು ನೆತ್ತರು ಹೀರುವ ಶತ್ರುವೆನ್ನುವುದು ಅವಸರದ ಮಾತು. ಶತ್ರುವಿಗೆ ಒಡಲಲ್ಲಿ ಮನೆ ಕೊಡುವವರುಂಟೆ? ವಸ್ತುವಿನ ನಿಜಗಾತ್ರದ ಅಥವಾ ಅದಕ್ಕಿಂತ ಹಿರಿದಾದ ಬಿಂಬವನ್ನು ಹಿಡಿಯುವ ಮ್ಯಾಕ್ರೋ ಛಾಯಾಗ್ರಹಣವು ಈಗ ಜೀವಂತ ದುಂಬಿಯ ಮೇಲಣ ನುಸಿಯ ಕಾಲುಗಳನ್ನೂ ತೋರಿಸಬಲ್ಲುದು; ಆ ಕೋಣೆಯ ಒಳಗು ಮಾತ್ರ ಅದಕ್ಕೆ ಎಟುಕದು.