ಚಿತ್ರದೊಳಗಿನ ನೈಟ್‌ಗಳು, ಚರಿತ್ರೆಯೊಳಗಿನ ಕೈದಿಗಳು

ಚಿನ್ನದ ಬಣ್ಣದ ಕವಚ ತೊಟ್ಟ ಮುದಿ ಯೋಧನೊಬ್ಬ ದೊಡ್ಡ ಕಪ್ಪು ಕುದುರೆಯ ಮೇಲೆ ಹೊಳೆ ದಾಟುತ್ತಿದ್ದಾನೆ. ಅವನ ಮುಂದೊಂದು, ಬೆನ್ನಿಗೆ ಆತುಕೊಂಡು ಇನ್ನೊಂದು, ಸೌದೆ ಹೊರುವ ಬಡವರ ಮಕ್ಕಳು. ಜಾನ್ ಎವರೆಟ್ ಮಿಲೇ ಬರೆದ ಈ ಚಿತ್ರ 1857ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನಗೊಂಡಾಗ, ಕುದುರೆ ಅಳತೆ ಮೀರಿ ದೊಡ್ಡದಾಯಿತೆಂದು ಜನ ಆಡಿಕೊಂಡರು. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಮಧ್ಯಯುಗದ ಈ ಕುದುರೆ ಸವಾರ ಯೋಧರು, ಅಂದರೆ ನೈಟ್‌ಗಳು, ಇಷ್ಟೊಂದು ಕರುಣಾಳುಗಳಾಗಿದ್ದರೇ?

ಕಾರ್ಖಾನೆಯ ಹೊಗೆ, ರೈಲಿನ ಸದ್ದುಗಳ ನಡುವೆ ಇಂಗ್ಲೆಂಡಿಗೆ ಹಳೆಯ ಕಾಲದ ಹುಚ್ಚು ಹಿಡಿದಿತ್ತು. 1839ರಲ್ಲಿ ಸ್ಕಾಟ್ಲೆಂಡಿನ ಎಗ್ಲಿಂಟನ್‌ನಲ್ಲಿ ಶ್ರೀಮಂತರು ಕವಚ ತೊಟ್ಟು ಭರ್ಜಿಯ ಪಂದ್ಯಕ್ಕೂ ಇಳಿದರು. ಸುರಿದ ಮಳೆಗೆ ಯೋಧರೂ ನೋಡಬಂದವರೂ ತೊಯ್ದು ತೊಪ್ಪೆಯಾದರು! 1834ರ ಬೆಂಕಿಗೆ ಆಹುತಿಯಾದ ಪಾರ್ಲಿಮೆಂಟನ್ನು ಮತ್ತೆ ಕಟ್ಟಿದಾಗ, ರಾಣಿಯ ಕೋಣೆಯ ಗೋಡೆಗಳಲ್ಲಿ ಆರ್ಥರ್ ರಾಜನ ದಂತಕಥೆಗಳನ್ನು ಚಿತ್ರಿಸುವ ಕೆಲಸ ವಿಲಿಯಂ ಡೈಸ್ ಅವರ ಪಾಲಿಗೆ ಬಂತು. ಔದಾರ್ಯ, ಸೌಜನ್ಯ, ಕರುಣೆ ಹೀಗೆ ಗುಣಕ್ಕೊಂದು ಚಿತ್ರ. ಕೆಲಸ ಮುಗಿಯುವ ಮೊದಲೇ, 1864ರಲ್ಲಿ, ಡೈಸ್ ತೀರಿಕೊಂಡರು.

ಅದೇ ಕಟ್ಟಡದ ಹೊರಗೆ, ಕುದುರೆಯ ಮೇಲೆ ಖಡ್ಗ ಎತ್ತಿ ನಿಂತ ರಿಚರ್ಡ್ ದೊರೆಯ ಕಂಚಿನ ಪ್ರತಿಮೆಯಿದೆ. ಶಿಲ್ಪಿ ಮರೋಚೆಟ್ಟಿ, ನಿಲ್ಲಿಸಿದ್ದು 1860ರಲ್ಲಿ. ಕಥೆಗಳ ರಿಚರ್ಡ್ ನೈಟ್‌ಗಳಿಗೆ ಕಳಶವಿದ್ದಂತೆ. ಚರಿತ್ರೆಯ ರಿಚರ್ಡ್ 1191ರ ಜುಲೈಯಲ್ಲಿ ಶರಣಾದ ಅಕ್ಕಾ ಪಟ್ಟಣದ ಕೈದಿಗಳನ್ನು ಆಗಸ್ಟ್ 20ರಂದು ಊರ ಹೊರಗಿನ ಬಯಲಿಗೆ ತರಿಸಿ ಕೊಲ್ಲಿಸಿದ. ಒಪ್ಪಂದದ ಹಣ ಬರಲು ತಡವಾಯಿತೆಂಬುದು ಅವನ ಸಮರ್ಥನೆ. ಇದು ಶತ್ರುಗಳು ಕಟ್ಟಿದ ಕಥೆಯಲ್ಲ. ಸತ್ತವರು ಸುಮಾರು 2,600 ಎಂದು ಅವನೇ ಪತ್ರದಲ್ಲಿ ಬರೆದಿದ್ದಾನೆ. ಅಕ್ಕಾದ ಆ ಬಯಲಿಗೆ ಪ್ರತಿಮೆಯ ಪೀಠದಲ್ಲಿ ಜಾಗ ಸಿಕ್ಕಿಲ್ಲ.

ಇನ್ನು ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿ. ವಾಲ್ಟರ್ ಸ್ಕಾಟ್ 1825ರ ತಮ್ಮ 'ದಿ ಟಾಲಿಸ್ಮನ್' ಕಾದಂಬರಿಯಲ್ಲಿ ಅವರನ್ನು ಹಕೀಮನ ವೇಷದಲ್ಲಿ ತಂದು ರಿಚರ್ಡ್‌ನ ಕಾಯಿಲೆ ವಾಸಿ ಮಾಡಿಸಿದರು. ಅದು ಕಲ್ಪನೆ. ಆದರೆ ಕಾಯಿಲೆ ಬಿದ್ದ ರಿಚರ್ಡ್‌ಗೆ ಸುಲ್ತಾನರು ಹಣ್ಣು, ಹಿಮ ಕಳುಹಿಸಿದ್ದನ್ನು ಅವರ ಜೊತೆಗಿದ್ದ ಇಬ್ನ್ ಶದ್ದಾದ್ ದಾಖಲಿಸಿದ್ದಾರೆ. ನಾವು ಅಲ್ಲಿಗೇ ಓದು ನಿಲ್ಲಿಸಿ ಖುಷಿಪಡುವುದುಂಟು. 1187ರಲ್ಲಿ ಹಿತ್ತೀನ್ ಯುದ್ಧದ ಬಳಿಕ ಸೆರೆಸಿಕ್ಕ ಟೆಂಪ್ಲರ್ ಮತ್ತು ಹಾಸ್ಪಿಟಲರ್ ಯೋಧರನ್ನು ಅವರೂ ಕೊಲ್ಲಿಸಿದ್ದರು. ಜೆರುಸಲೇಮಿನಲ್ಲಿ ಬಿಡುಗಡೆಯ ಹಣ ಕಟ್ಟಲಾಗದ ಸಾವಿರಾರು ಬಡವರು ಗುಲಾಮರಾದರು. ಇಂಗ್ಲಿಷರ ಚಿತ್ರಕ್ಕೆ ಬೇರೆ ಅಳತೆಗೋಲು, ನಮ್ಮದಕ್ಕೆ ಬೇರೆ ಎಂದರೆ ಹೇಗೆ?

ಮರೋಚೆಟ್ಟಿಯ ಪೀಠದಲ್ಲಿ ಇನ್ನೊಂದು ಕೆತ್ತನೆಯಿದೆ. 1199ರಲ್ಲಿ ಬಾಣ ತಾಗಿ ಸಾಯುತ್ತಿರುವ ರಿಚರ್ಡ್, ಬಾಣ ಬಿಟ್ಟವನನ್ನು ಕ್ಷಮಿಸುತ್ತಿದ್ದಾನೆ. ದೊರೆ ಸತ್ತ ಮೇಲೆ ಆ ಕ್ಷಮೆಯನ್ನು ಲೆಕ್ಕಿಸದೆ ಅವನ ಚರ್ಮ ಸುಲಿಸಲಾಯಿತೆಂದು ಅದೇ ಕಾಲದ ಇಂಗ್ಲಿಷ್ ಚರಿತ್ರೆಕಾರ ರೋಜರ್ ಆಫ್ ಹೋವ್ಡನ್ ಬರೆದಿದ್ದಾನೆ. ಕೆತ್ತನೆ ಅಷ್ಟು ದೂರ ಹೋಗುವುದಿಲ್ಲ.